ಶಿಶುದೃಶ್ಯವೂ ನುಡಿಯೂ: ಡಬ್ಬಿಂಗ್ ವಿವಾದದ ಒಂದು ಪ್ರಕರಣ

ದೂರದರ್ಶನದ ಶಿಶುಕಥೆಗಳು ಯಾವ ನುಡಿಯಲ್ಲಿರಬೇಕೆಂಬ ಪ್ರಶ್ನೆಯು ಕರ್ನಾಟಕದಲ್ಲಿ ಡಬ್ಬಿಂಗ್ ವಿವಾದದೊಡನೆ ಹೆಣೆದುಕೊಂಡಿರುವುದು. ೧೯೬೦ರ ದಶಕದಲ್ಲಿ ಅ. ನ. ಕೃಷ್ಣರಾಯರೇ ಮೊದಲಾದವರ ಚಳವಳಿಯಿಂದ ಪರಭಾಷಾ ಚಿತ್ರಗಳಿಗೆ ಕನ್ನಡದ ಮಾತನ್ನು ಜೋಡಿಸುವ ಪದ್ಧತಿಯು ನಿಂತುಹೋಯಿತು. ಇದಕ್ಕೆ ಶಾಸನದ ಆಧಾರವಿರಲಿಲ್ಲ. ಉದ್ಯಮದ ಕಟ್ಟುಪಾಡೇ ಆಧಾರವು. ಕನ್ನಡದ ನಟರೂ ಕುಶಲಕರ್ಮಿಗಳೂ ನಿರುದ್ಯೋಗಿಗಳಾದಾರೆಂಬುದು ಪೂರ್ವಪಕ್ಷ. ಅಂದಿನ ಸ್ಥಿತಿಯಲ್ಲಿ ಅದು ನಿರಾಧಾರವಾದುದಲ್ಲ.

ಆದರೆ ೨೦೦೯ರಲ್ಲಿ ಮಕ್ಕಳಿಗೆಂದೇ ಚಿಂಟು ಟಿವಿ ಆರಂಭವಾದ ಮೇಲೆ, ಆ ಕಟ್ಟುಪಾಡು ಇದ್ದಂತೆಯೇ, ಪರದೇಶದ ಚಿತ್ರಕಥೆಗಳು ಕನ್ನಡದಲ್ಲಿ ಮಾತನಾಡತೊಡಗಿದುವು. ಅವುಗಳಲ್ಲಿ ಡೋರಾ ಎಂಬ ಬಾಲೆಯ ಕಥೆಯು ವಿಶೇಷವಾಗಿ ವಿಚಾರಾರ್ಹವು. ೨೦೦೦ನೆಯ ಇಸವಿಯಲ್ಲಿ ಅಮೇರಿಕದಲ್ಲಿ ಹುಟ್ಟಿದ ಈ ಕಥೆಯಲ್ಲಿ ನಾಯಕಿಯು ಪ್ರಶ್ನೆ ಕೇಳಿ, ನೋಡುವ ಮಗುವಿನ ಉತ್ತರಕ್ಕಾಗಿ ತಡೆದು ನಿಲ್ಲುವಳು. ಪ್ರಶ್ನೆಯೇ ತಿಳಿಯದಿದ್ದರೆ ಆ ಮೌನವು ವ್ಯರ್ಥ. ಮರಾಠಿಯೂ ಕಿವಿಗೆ ಬೀಳುವ ಯಮಕನಮರಡಿಯ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಕನ್ನಡ ಗ್ರಾಹಕರ ಕೂಟವು ೨೦೧೨ರಲ್ಲಿ ದೂರನ್ನು ಸಲ್ಲಿಸಿತು; ೨೦೧೫ರ ಜುಲೈ ೨೭ರಂದು ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗಿನ ತಡೆಯನ್ನು ಕಾಯಿದೆಗೆ ವಿರುದ್ಧವೆಂದು ನಿರ್ಣಯಿಸಿತು. ನುಡಿಯ ರಕ್ಷಣೆಗೆಂದು ಹುಟ್ಟಿದ ಕಟ್ಟುಪಾಡು ನುಡಿಯನ್ನು ಕಲಿಯುವ ಮಗುವಿನ ಕಿವಿಗೆ ಅಡ್ಡವಾಗಬಾರದೆಂಬುದೇ ಸಿದ್ಧಾಂತವು.