ಮೇಲಿನವರು, ಕೆಳಗಿನವರು: ಅಮೆರಿಕದ ಭಾರೀ ಬಾಂಬರ್ ತಂಡಗಳ ಯುದ್ಧಸೇವೆ, 1942–45

1942ರ ಆಗಸ್ಟ್ 17ರಂದು ಇಂಗ್ಲೆಂಡಿನಿಂದ ಹಾರಿದ ಹನ್ನೆರಡು ಬಿ-17 ವಿಮಾನಗಳು ಜರ್ಮನರ ವಶದಲ್ಲಿದ್ದ ಫ್ರಾನ್ಸಿನ ರೂವಾಂ ನಗರದ ರೈಲ್ವೆ ಯಾರ್ಡ್ ಮೇಲೆ ಬಾಂಬ್ ಹಾಕಿ, ಒಂದೂ ನಷ್ಟವಾಗದೆ ಮರಳಿದವು. ಇಂಗ್ಲೆಂಡಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಎಂಟನೇ ವಾಯುಪಡೆಯ ಮೊದಲ ಭಾರೀ ಬಾಂಬರ್ ದಾಳಿ ಅದು. ಮುಂಚೂಣಿಯ ವಿಮಾನವನ್ನು ನಡೆಸಿದವರು ಪಾಲ್ ಟಿಬೆಟ್ಸ್. ಮೂರು ವರ್ಷ ತುಂಬುವ ಮೊದಲೇ, 1945ರ ಆಗಸ್ಟ್ 6ರಂದು, ಇದೇ ಟಿಬೆಟ್ಸ್ ನಡೆಸಿದ ಬಿ-29 ವಿಮಾನ ಹಿರೋಶಿಮಾದ ಮೇಲೆ ಅಣುಬಾಂಬ್ ಹಾಕಿತು.

ಈ ಎರಡು ತಾರೀಖುಗಳ ನಡುವಿನ ಕಾಲವನ್ನು ಯಂತ್ರಗಳ ಕಥೆಯಾಗಿ ಹೇಳುವುದು ರೂಢಿ: ಯಾವ ಎಂಜಿನ್, ಎಷ್ಟು ವೇಗ, ಎಷ್ಟು ಟನ್ ಬಾಂಬ್. ವಿಮಾನದೊಳಗೆ ಕುಳಿತವರ ಕಡೆಯಿಂದ ನೋಡಿದರೆ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಅವರ ಬದುಕು ಉಳಿಸಿದ ಸುಧಾರಣೆಗಳಲ್ಲಿ ಹೆಚ್ಚಿನವು ಹೆಣಗಳ ಲೆಕ್ಕ ಹಾಕಿದ ಮೇಲೆ ಬಂದವು. ಮೇಲಿನವರ ಅಪಾಯ ತಗ್ಗುತ್ತ ಬಂದ ತಿಂಗಳುಗಳಲ್ಲೇ ಕೆಳಗಿನ ನಗರವಾಸಿಗಳ ಅಪಾಯ ಏರುತ್ತ ಹೋಯಿತು.

ನಂಬಿಕೆಯ ಕಾಲ

ಬಿ-17 ಮೊದಲು ಹಾರಿದ್ದು 1935ರಲ್ಲಿ. ಆ ದಶಕದಲ್ಲಿ ಅಲಬಾಮಾದ ಮ್ಯಾಕ್ಸ್‌ವೆಲ್ ಫೀಲ್ಡಿನ ವಾಯುಸೇನಾ ಶಾಲೆ ಒಂದು ಸಿದ್ಧಾಂತವನ್ನು ಬೆಳೆಸಿತು. ಮೈತುಂಬ ಮೆಷಿನ್‌ಗನ್ ಹೊತ್ತ ಬಾಂಬರ್‌ಗಳು ಒತ್ತಾಗಿ ಸಾಲುಗಟ್ಟಿ ಹಾರಿದರೆ ತಮ್ಮನ್ನು ತಾವೇ ಕಾಪಾಡಿಕೊಳ್ಳುತ್ತವೆ. ಹಗಲಿನಲ್ಲಿ ನಾರ್ಡನ್ ಗುರಿಯಂತ್ರದ ನೆರವಿನಿಂದ ಕಾರ್ಖಾನೆಯನ್ನಷ್ಟೇ ಹೊಡೆಯಬಹುದು, ಊರನ್ನು ಬಿಡಬಹುದು. ರಾತ್ರಿ ದಾಳಿಗೆ ಹೊರಳಿದ್ದ ಬ್ರಿಟಿಷರಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. 1943ರ ಜನವರಿಯಲ್ಲಿ ಕಾಸಾಬ್ಲಾಂಕಾ ಸಮ್ಮೇಳನದಲ್ಲಿ ಎಂಟನೇ ವಾಯುಪಡೆಯ ಮುಖ್ಯಸ್ಥ ಜನರಲ್ ಐರಾ ಈಕರ್ ಚರ್ಚಿಲ್‌ರ ಮನವೊಲಿಸಿದರು: ಬ್ರಿಟಿಷರು ರಾತ್ರಿ, ಅಮೆರಿಕನ್ನರು ಹಗಲು.

ಈ ಸಿದ್ಧಾಂತವನ್ನು ಮೈಮೇಲೆ ಹೊತ್ತದ್ದು ಹತ್ತು ಮಂದಿಯ ತಂಡ. ಪೈಲಟ್, ಸಹಪೈಲಟ್, ನ್ಯಾವಿಗೇಟರ್, ಬಾಂಬಾರ್ಡಿಯರ್ ಅಧಿಕಾರಿಗಳು. ಎಂಜಿನಿಯರ್, ರೇಡಿಯೊ ಆಪರೇಟರ್ ಮತ್ತು ನಾಲ್ವರು ಗನ್ನರ್‌ಗಳು ಅವರ ಕೈಕೆಳಗಿನವರು. ಬಹುಪಾಲು ಎಲ್ಲರೂ ಇಪ್ಪತ್ತರ ಆಸುಪಾಸಿನ ಹುಡುಗರು, ಹೆಚ್ಚಿನವರು ಬಿಳಿಯರು. ಕಪ್ಪು ಅಮೆರಿಕನ್ನರಿಗೆ ಈ ತಂಡಗಳಲ್ಲಿ ಜಾಗವಿರಲಿಲ್ಲ. ಅವರ 332ನೇ ಫೈಟರ್ ಗ್ರೂಪ್ ಮುಂದೆ ಇಟಲಿಯಿಂದ ಹಾರಿ ಇದೇ ಬಾಂಬರ್‌ಗಳಿಗೆ ಬೆಂಗಾವಲಾಯಿತು.

ಬಿ-17ರ ಹೊಟ್ಟೆಯಡಿ ನೇತಾಡುತ್ತಿದ್ದ ಗೋಳದ ಗನ್ನರ್ ಎರಡು ಮೆಷಿನ್‌ಗನ್‌ಗಳ ನಡುವೆ ಮಂಡಿ ಮಡಚಿ, ಬೆನ್ನು ಬಾಗಿಸಿ ಗಂಟೆಗಟ್ಟಲೆ ಕೂರಬೇಕಿತ್ತು. ಗನ್‌ಗಳ ಮೂತಿ ನೇರ ಕೆಳಕ್ಕೆ ತಿರುಗಿದಾಗ ಮಾತ್ರ ಗೋಳದ ಬಾಗಿಲು ವಿಮಾನದೊಳಕ್ಕೆ ತೆರೆಯುತ್ತಿತ್ತು. ಪ್ಯಾರಾಚೂಟ್‌ಗೆ ಸಾಮಾನ್ಯವಾಗಿ ಒಳಗೆ ಜಾಗವಿರದೆ ಅದು ಮೇಲೆಯೇ ಉಳಿಯುತ್ತಿತ್ತು. ವಿಮಾನಕ್ಕೆ ಬೆಂಕಿ ಬಿದ್ದರೆ ಆತ ಗೋಳ ತಿರುಗಿಸಿ, ಹತ್ತಿ, ಪ್ಯಾರಾಚೂಟ್ ಕಟ್ಟಿಕೊಂಡು ಆಮೇಲೆ ಹಾರಬೇಕು.

ಇಂಥ ಗೋಳದಿಂದಲೇ 1943ರ ಮೇ 1ರಂದು ಮೇನಾರ್ಡ್ ಸ್ಮಿತ್ ಹೊರಬಂದರು. ಅದು ಅವರ ಮೊದಲ ದಾಳಿ. ಸೇಂಟ್ ನಜೇರ್‌ನಿಂದ ಮರಳುವಾಗ ವಿಮಾನದ ನಡುಭಾಗ ಉರಿಯುತ್ತಿತ್ತು. ಮೂವರು ಆಗಲೇ ಹೊರಕ್ಕೆ ಹಾರಿದ್ದರು. ಸ್ಮಿತ್ ಸಿಡಿಯುತ್ತಿದ್ದ ಗುಂಡಿನ ಪೆಟ್ಟಿಗೆಗಳನ್ನು ಹೊರಕ್ಕೆಸೆದು, ಬಾಲದ ಗನ್ನರ್‌ನ ಗಾಯಕ್ಕೆ ಶುಶ್ರೂಷೆ ಮಾಡಿ, ನಡುನಡುವೆ ಶತ್ರುವಿನತ್ತ ಗುಂಡು ಹಾರಿಸಿ, ಬೆಂಕಿ ಆರಿಸಿದರು. ವಿಮಾನ ಇಂಗ್ಲೆಂಡ್ ಮುಟ್ಟಿತು. ಅವರಿಗೆ ಅಮೆರಿಕದ ಅತ್ಯುನ್ನತ ಶೌರ್ಯ ಪದಕ, ಮೆಡಲ್ ಆಫ್ ಆನರ್, ಸಂದಿತು.

ಚಳಿ, ಚೂರು, ಭಯ

ಮೊದಲ ವರ್ಷದಲ್ಲಿ ಗುಂಡಿನಷ್ಟೇ ಕ್ರೂರವಾಗಿ ಕಾಡಿದ್ದು ಚಳಿ. 25,000 ಅಡಿ ಎತ್ತರದಲ್ಲಿ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಗಾಳಿ ಪಕ್ಕದ ತೆರೆದ ಕಿಟಕಿಗಳಿಂದ ನುಗ್ಗುತ್ತಿತ್ತು. ಕೈಗವಸು ಕಳಚಿ ಲೋಹ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತಿತ್ತು. ವಿದ್ಯುತ್ತಿನಿಂದ ಬೆಚ್ಚಗಾಗುವ ಮೊದಲ ಉಡುಪುಗಳಲ್ಲಿ ತಂತಿ ಒಂದೆಡೆ ತುಂಡಾದರೆ ಉಡುಪೆಲ್ಲ ತಣ್ಣಗಾಗುತ್ತಿತ್ತು. ಆಮ್ಲಜನಕದ ಕೊಳವೆ ಹೆಪ್ಪುಗಟ್ಟಿದರೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ಹೋಗುತ್ತಿತ್ತು. ಪಕ್ಕದವನು ಗಮನಿಸದಿದ್ದರೆ ಸಾವು.

ಎಂಟನೇ ವಾಯುಪಡೆಯ ವೈದ್ಯಾಧಿಕಾರಿ ಮಾಲ್ಕಮ್ ಗ್ರೋ ಗಾಯಗಳ ದಾಖಲೆ ತರಿಸಿ ನೋಡಿದರು. ಹೆಚ್ಚಿನ ಗಾಯಗಳಾಗಿದ್ದು ನಿಧಾನ ವೇಗದ ಲೋಹದ ಚೂರುಗಳಿಂದ ಎಂಬುದು ಗೊತ್ತಾಯಿತು. ಅಂಥ ಚೂರನ್ನು ತೆಳು ಉಕ್ಕೂ ತಡೆಯಬಲ್ಲದು. ಲಂಡನ್ನಿನ ವಿಲ್ಕಿನ್ಸನ್ ಸೋರ್ಡ್ ಕಂಪನಿ ಮ್ಯಾಂಗನೀಸ್ ಉಕ್ಕಿನ ಪಟ್ಟಿಗಳನ್ನು ಹೊಲಿದ ಕವಚ ತಯಾರಿಸಿಕೊಟ್ಟಿತು. ಇಂದಿನ ಸೈನಿಕ ತೊಡುವ ರಕ್ಷಾಕವಚದ ವಂಶಾವಳಿಯಲ್ಲಿ ಈ ಉಡುಪಿಗೆ ಮುಖ್ಯ ಸ್ಥಾನವಿದೆ.

ಭಯವೂ ಗಾಯವೇ ಎಂದು ಒಪ್ಪಿಕೊಳ್ಳಲು ಇನ್ನೂ ಸಮಯ ಹಿಡಿಯಿತು. ಇಂಗ್ಲೆಂಡಿನ ಹಳ್ಳಿಗಾಡಿನ ಬಂಗಲೆಗಳಲ್ಲಿ ವಿಶ್ರಾಂತಿಧಾಮಗಳು ತೆರೆದವು. ವಿಮಾನವಿರೋಧಿ ಗುಂಡಿಗಿದ್ದ ‘ಫ್ಲಾಕ್’ ಎಂಬ ಹೆಸರಿನಿಂದ ಸಿಬ್ಬಂದಿ ಅವನ್ನು ‘ಫ್ಲಾಕ್ ಹೌಸ್’ ಎಂದು ಕರೆದರು. ರಾಯ್ ಗ್ರಿಂಕರ್ ಮತ್ತು ಜಾನ್ ಸ್ಪೀಗಲ್ ಎಂಬ ವೈದ್ಯರು 1945ರಲ್ಲಿ ಪ್ರಕಟಿಸಿದ ‘ಮೆನ್ ಅಂಡರ್ ಸ್ಟ್ರೆಸ್’ ಯುದ್ಧಮನಸ್ಸಿನ ಅಧ್ಯಯನದ ಪ್ರಮುಖ ಗ್ರಂಥವಾಯಿತು. ಎಷ್ಟೇ ಗಟ್ಟಿ ಮನುಷ್ಯನಿಗೂ ಒಂದು ಮಿತಿಯಿದೆ ಎಂಬುದು ಅವರು ಕಂಡ ಸತ್ಯ.

1943: ಸಿದ್ಧಾಂತ ಮುರಿದ ವರ್ಷ

ಆ ಮಿತಿಯನ್ನು ಸೇನೆ ಅಂಕಿಯಲ್ಲಿ ಗುರುತಿಸಿತು: 25 ದಾಳಿ ಮುಗಿಸಿದವರು ಮನೆಗೆ. ದಾಳಿಯೊಂದಕ್ಕೆ ನೂರರಲ್ಲಿ ಐದು ವಿಮಾನ ಕಳೆದರೆ 25 ದಾಳಿ ದಾಟುವವರು ಮೂರರಲ್ಲಿ ಒಬ್ಬರಿಗಿಂತ ಕಡಿಮೆ. 1943ರ ಕೆಲವು ದಿನಗಳಲ್ಲಿ ನಷ್ಟ ಅದಕ್ಕೂ ಎಷ್ಟೋ ಪಾಲು ಹೆಚ್ಚಿತ್ತು. ಮೇ 17ರಂದು ರಾಬರ್ಟ್ ಮಾರ್ಗನ್ ನೇತೃತ್ವದ ‘ಮೆಂಫಿಸ್ ಬೆಲ್’ ತಂಡ 25 ಮುಗಿಸಿದ್ದು ದೇಶಕ್ಕೆಲ್ಲ ಸುದ್ದಿಯಾದದ್ದು ಇದೇ ಕಾರಣಕ್ಕೆ.

ಆಗಸ್ಟ್ 1ರಂದು ರೊಮೇನಿಯಾದ ಪ್ಲೊಯೆಸ್ಟಿ ತೈಲಾಗಾರಗಳ ಮೇಲೆ ಬಿ-24 ಭಾರೀ ಬಾಂಬರ್‌ಗಳು ಮರದ ತುದಿಯೆತ್ತರದಲ್ಲಿ ನುಗ್ಗಿದವು. ಆ ಒಂದೇ ದಾಳಿಗೆ ಐದು ಮೆಡಲ್ ಆಫ್ ಆನರ್ ಸಂದವು, ಐದರಲ್ಲಿ ಮೂರು ಮರಣೋತ್ತರ. ಆಗಸ್ಟ್ 17ರಂದು ಶ್ವೈನ್‌ಫರ್ಟ್ ಮತ್ತು ರೇಗನ್ಸ್‌ಬರ್ಗ್ ದಾಳಿಗೆ ಹೋದ 376 ಬಿ-17ಗಳಲ್ಲಿ 60 ಹಿಂದಿರುಗಲಿಲ್ಲ. ಅಕ್ಟೋಬರ್ 14ರಂದು ಮತ್ತೆ ಶ್ವೈನ್‌ಫರ್ಟ್‌ಗೆ ಹೊರಟ 291ರಲ್ಲಿ ಮತ್ತೆ 60 ಹೋದವು. ಒಂದೇ ಮಧ್ಯಾಹ್ನ ಸುಮಾರು 600 ಮಂದಿ ಸತ್ತರು ಅಥವಾ ಸೆರೆಯಾದರು. ತನ್ನನ್ನು ತಾನೇ ಕಾಪಾಡಿಕೊಳ್ಳುವ ಬಾಂಬರ್ ಎಂಬ ನಂಬಿಕೆ ಅಂದಿಗೆ ಮುಗಿಯಿತು.

ಬೆಂಗಾವಲು ಬಂತು, ಅವಧಿ ಬೆಳೆಯಿತು

ಡಿಸೆಂಬರ್ ಹೊತ್ತಿಗೆ ಹೆಚ್ಚುವರಿ ಇಂಧನದ ಟ್ಯಾಂಕ್ ಹೊತ್ತು ಜರ್ಮನಿಯ ಒಳನಾಡಿನವರೆಗೂ ಜೊತೆಗೆ ಬರಬಲ್ಲ ಪಿ-51 ಮಸ್ಟಾಂಗ್ ಹೋರಾಟ ವಿಮಾನಗಳು ಕಣಕ್ಕಿಳಿದವು. 1944ರ ಜನವರಿಯಲ್ಲಿ ಎಂಟನೇ ವಾಯುಪಡೆಯ ಅಧಿಕಾರ ವಹಿಸಿಕೊಂಡ ಜನರಲ್ ಜೇಮ್ಸ್ ಡೂಲಿಟಲ್, ಅವುಗಳನ್ನು ಬಾಂಬರ್‌ಗಳ ಪಕ್ಕದಲ್ಲೇ ಕಟ್ಟಿಹಾಕದೆ ಶತ್ರುವನ್ನು ಅಟ್ಟಿಸಿಕೊಂಡು ಹೋಗಲು ಬಿಟ್ಟರು. ಫೆಬ್ರವರಿಯ ‘ಬಿಗ್ ವೀಕ್’ ದಾಳಿಗಳಿಂದಾಚೆಗೆ ಜರ್ಮನ್ ವಾಯುಪಡೆ ತನ್ನ ನುರಿತ ಪೈಲಟ್‌ಗಳನ್ನು ಕಳೆದುಕೊಳ್ಳುತ್ತ ಹೋಯಿತು. ಆದರೂ ಮಾರ್ಚ್ 6ರ ಬರ್ಲಿನ್ ದಾಳಿಗೆ 69 ಬಾಂಬರ್‌ಗಳು ಬಲಿಯಾದವು.

ಅಪಾಯ ತಗ್ಗಿದ್ದು ಕಂಡ ಸೇನೆ ಸೇವಾವಧಿಯನ್ನು ಹಿಗ್ಗಿಸಿತು: ಮೊದಲು 30, ಆಮೇಲೆ 35. ಹೋರಾಟ ವಿಮಾನಗಳ ಕಾಟ ಇಳಿದದ್ದರಿಂದ ಎಷ್ಟೋ ವಿಮಾನಗಳಲ್ಲಿ ಒಬ್ಬ ಗನ್ನರ್‌ನನ್ನು ಕಡಿಮೆ ಮಾಡಿ ಒಂಬತ್ತು ಮಂದಿಯ ತಂಡ ಕಳುಹಿಸಿದರು. ಮೋಡದ ಮೂಲಕ ರೇಡಾರ್ ನೋಡಿ ಬಾಂಬ್ ಹಾಕುವುದು ಹೆಚ್ಚಿತು. ರೇಡಾರ್‌ಗೆ ಊರು ಕಾಣುತ್ತಿತ್ತು, ಕಾರ್ಖಾನೆ ಕಾಣುತ್ತಿರಲಿಲ್ಲ. ಕಾರ್ಖಾನೆಯನ್ನಷ್ಟೇ ಹೊಡೆಯುತ್ತೇವೆಂದು ಹೊರಟವರು 1945ರ ಫೆಬ್ರವರಿ 14ರಂದು, ಬ್ರಿಟಿಷರು ಹಿಂದಿನ ರಾತ್ರಿ ಸುಟ್ಟಿದ್ದ ಡ್ರೆಸ್ಡೆನ್ ಮೇಲೆ ಹಗಲಿನಲ್ಲಿ ಬಾಂಬ್ ಸುರಿಸಿದರು.

ಯುದ್ಧ ಮುಗಿದಾಗ ಎಂಟನೇ ವಾಯುಪಡೆಯೊಂದರಲ್ಲೇ ಸತ್ತವರು ಸುಮಾರು 26,000.

ಖರಗ್‌ಪುರದಿಂದ ಟೋಕಿಯೊಗೆ

ಹನ್ನೊಂದು ಮಂದಿಯ ಬಿ-29ರಲ್ಲಿ ಸಿಬ್ಬಂದಿಯ ಕೋಣೆಗಳಿಗೆ ಗಾಳಿಯೊತ್ತಡ ಕಾಯುವ ಏರ್ಪಾಡಿತ್ತು, ದೂರದಿಂದ ತಿರುಗಿಸುವ ಗನ್‌ಗಳಿದ್ದವು. ಚಳಿಯ ಪಾಠ ಕೊನೆಗೂ ವಿನ್ಯಾಸದೊಳಕ್ಕೆ ಬಂದಿತ್ತು. ಅದರ ಯುದ್ಧಸೇವೆ ಶುರುವಾದದ್ದು ನಮ್ಮ ನೆಲದಿಂದ. 1944ರ ಜೂನ್ 5ರಂದು ಖರಗ್‌ಪುರದ ಸುತ್ತಲಿನ ನೆಲೆಗಳಿಂದ ಎದ್ದ ಬಿ-29ಗಳು ಬ್ಯಾಂಕಾಕ್ ಮೇಲೆ ಮೊದಲ ದಾಳಿ ಮಾಡಿದವು. ಜಪಾನ್ ಮುಟ್ಟಲು ಹಿಮಾಲಯ ದಾಟಿ ಚೀನಾದ ಚೆಂಗ್ಡುವಿಗೆ ಇಂಧನ ಹೊತ್ತು, ಅಲ್ಲಿಂದ ಹಾರಬೇಕಿತ್ತು.

ಪೆಸಿಫಿಕ್‌ನ ಮರಿಯಾನಾ ದ್ವೀಪಗಳಿಗೆ ನೆಲೆ ಬದಲಾದ ಮೇಲೆ ಜನರಲ್ ಕರ್ಟಿಸ್ ಲಿಮೇ ಎತ್ತರದ ನಿಖರ ದಾಳಿಯನ್ನೇ ಕೈಬಿಟ್ಟರು. 1945ರ ಮಾರ್ಚ್ 9ರ ರಾತ್ರಿ ಬಿ-29ಗಳು ಬಹುಪಾಲು ಗನ್‌ಗಳನ್ನು ಇಳಿಸಿಟ್ಟು, ತಗ್ಗಿನಲ್ಲಿ ಹಾರಿ, ಟೋಕಿಯೊದ ಮರದ ಮನೆಗಳ ಮೇಲೆ ಬೆಂಕಿಬಾಂಬ್ ಸುರಿದವು. ಸತ್ತವರು ಸುಮಾರು ಒಂದು ಲಕ್ಷ. ಸುಟ್ಟ ದೇಹಗಳ ವಾಸನೆ ವಿಮಾನದೊಳಗೂ ಬಂದಿತೆಂದು ಹಲವು ಸಿಬ್ಬಂದಿ ಆಮೇಲೆ ಹೇಳಿದ್ದಾರೆ.

ಉಳಿದದ್ದು

ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಪಾಲಿದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಿಂದ ಅಮೆರಿಕದ ವಾಯುಸೇನೆಯ ದೊಡ್ಡ ದುರಸ್ತಿ ಕೇಂದ್ರವಾಗಿತ್ತು. ಯುದ್ಧಾನಂತರ ಕಾನ್ಪುರದಲ್ಲಿ ಹಾಳುಬಿದ್ದಿದ್ದ ಬಿ-24ಗಳನ್ನು ಇದೇ ಕಾರ್ಖಾನೆಯವರು ಬೆಂಗಳೂರಿಗೆ ಹಾರಿಸಿ ತಂದು ಸರಿಪಡಿಸಿದರು. ಭಾರತೀಯ ವಾಯುಪಡೆ ಅವನ್ನು 1968ರವರೆಗೂ ಬಳಸಿತು. ಇಂದು ಬ್ರಿಟನ್, ಅಮೆರಿಕಗಳ ವಸ್ತುಸಂಗ್ರಹಾಲಯಗಳಲ್ಲಿ ಜನ ನೋಡುವ ಕೆಲವು ಬಿ-24ಗಳು ಉಳಿದದ್ದು ಆ ಕೆಲಸಗಾರರ ಕೈಚಳಕದಿಂದ.

ವಿಲಿಯಂ ವೈಲರ್ 1944ರಲ್ಲಿ ಮಾಡಿದ ಮೆಂಫಿಸ್ ಬೆಲ್ ಸಾಕ್ಷ್ಯಚಿತ್ರದಿಂದ 2024ರ ‘ಮಾಸ್ಟರ್ಸ್ ಆಫ್ ದಿ ಏರ್’ ಸರಣಿಯವರೆಗೆ ಸಿಬ್ಬಂದಿಯ ಕಥೆ ಮತ್ತೆ ಮತ್ತೆ ಬಂದಿದೆ. 1944ರ ಜನವರಿಯಲ್ಲಿ ಅರುಣಾಚಲದ ಬೆಟ್ಟಕ್ಕೆ ಬಡಿದಿದ್ದ ಒಂದು ಬಿ-24 ಪತ್ತೆಯಾದದ್ದು 2006ರಲ್ಲಿ. ಅದರ ತಂಡದ ಒಬ್ಬರ ಅವಶೇಷ ಗುರುತು ಸಿಕ್ಕು ಮನೆ ಸೇರಲು ಇನ್ನೂ ಹತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ತನ್ನವರ ಎಲುಬನ್ನು ಎಂಟು ದಶಕಗಳಾದರೂ ಹುಡುಕುವ ಈ ನಿಷ್ಠೆ ಗೌರವಕ್ಕೆ ಅರ್ಹ. ಅದೇ ನಿಷ್ಠೆಯಿಂದ ಟೋಕಿಯೊ, ಡ್ರೆಸ್ಡೆನ್‌ಗಳ ಹೆಸರುಗಳನ್ನೂ ಓದಬೇಕು. ವಿಮಾನದೊಳಗಿನ ಹುಡುಗರ ಧೈರ್ಯ ನಿಜ. ಅವರು ಹೊತ್ತೊಯ್ದ ಬಾಂಬ್ ಕೊಂದವರ ಸಾವೂ ಅಷ್ಟೇ ನಿಜ. ಒಂದನ್ನು ಮರೆಸಿ ಇನ್ನೊಂದನ್ನು ಬರೆದ ಚರಿತ್ರೆ ಇಬ್ಬರಿಗೂ ಅನ್ಯಾಯ ಮಾಡುತ್ತದೆ.