ನೆಲ ನಿಜವಾಗಿಯೂ ಡೊಂಕಾಗಿದ್ದರೆ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾಲ್ಫ್ ಕಲಿಯುವವರಿಗೆ ಈ ಗಾದೆ ಬೇಗ ಅಂಟಿಕೊಳ್ಳುತ್ತೆ. ಚೆಂಡು ಎಡಕ್ಕೆ ಹೋಯ್ತಾ? ತಪ್ಪು ನಿಮ್ಮದು, ಕ್ಲಬ್ಬಿನದಲ್ಲ. ಆದರೆ ಗಾಲ್ಫಿನ ಇತಿಹಾಸ ಬೇರೆಯದನ್ನೂ ಹೇಳುತ್ತೆ.

19ನೇ ಶತಮಾನದ ಸ್ಕಾಟ್ಲೆಂಡಿನಲ್ಲಿ ಆಟ ಕಲಿಸುವವರೇ ಎಷ್ಟೋ ಸಲ ಕ್ಲಬ್ ಮಾಡಿಕೊಡುವವರೂ ಆಗಿರ್ತಿದ್ರು. ಸೇಂಟ್ ಆಂಡ್ರೂಸ್‌ನಲ್ಲಿದ್ದ ಓಲ್ಡ್ ಟಾಮ್ ಮಾರಿಸ್‌ನ ಅಂಗಡಿ ಅಂಥದ್ದು. ಹಿಕರಿ ಮರದ ಶಾಫ್ಟ್ ಮುರಿದರೆ ಹೊಸದು ಹಾಕಿಸಬೇಕು. ಒಂದು ಮರದ ಹಾಗೆ ಇನ್ನೊಂದು ಬಾಗೋದಿಲ್ಲ. ಹಾಗಾಗಿ ರಿಪೇರಿಯಾದ ಕ್ಲಬ್ಬಿನ ಹೊಡೆತವೇ ಬೇರೆ. 1929ರಲ್ಲಿ ಅಲ್ಲಿನ ಆರ್ ಅಂಡ್ ಎ ಸಂಸ್ಥೆ ಉಕ್ಕಿನ ಶಾಫ್ಟಿಗೆ ಒಪ್ಪಿಗೆ ಕೊಟ್ಟಿತು. ಕಾರ್ಖಾನೆಗಳಿಂದ ಒಂದೇ ಅಳತೆಯ ಸೆಟ್‌ಗಳು ಬಂದವು. ಅನುಕೂಲವೇನೋ ಆಯ್ತು. ಆದರೆ ಕ್ಲಬ್ಬಿಗೆ ಮೈ ಹೊಂದಿಸಿಕೊಳ್ಳುವ ಕೆಲಸ ಆಟಗಾರನ ತಲೆಗೆ ಬಂತು.

ಇದನ್ನು ತಿರುಗಿಸಿದವರಲ್ಲಿ ಮುಖ್ಯನಾದವನು ಕಾರ್ಸ್ಟನ್ ಸೋಲ್ಹೈಮ್. 1911ರಲ್ಲಿ ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಳೆದವನು. ಅಪ್ಪನ ಹಾಗೆ ಶೂ ರಿಪೇರಿ ಮಾಡಿ, ಆಮೇಲೆ ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರ್ ಆದ. ನಲವತ್ತು ದಾಟಿದ ಮೇಲೆ ಗಾಲ್ಫ್ ಹಿಡಿದ, ಪಟ್ಟಿಂಗ್ ಕೈಕೊಟ್ಟಿತು. ಅವನು ಅನುಮಾನಿಸಿದ್ದು ಪಟ್ಟರ್ ಅನ್ನು. 1959ರಲ್ಲಿ ಹೊಸದೊಂದನ್ನು ಮಾಡಿದ. ತೂಕವನ್ನು ಎರಡೂ ತುದಿಗೆ ಹಂಚಿದ್ದರಿಂದ, ಚೆಂಡು ನಡುವಿನಿಂದ ಆಚೀಚೆ ತಗುಲಿದ್ರೂ ಅದು ತಿರುಚಿಕೊಳ್ಳೋದು ಕಡಿಮೆ. ಹೊಡೆದಾಗ ಬಂದ ಸದ್ದೇ ಕಂಪನಿಯ ಹೆಸರಾಯ್ತು: ಪಿಂಗ್.

1970ರ ದಶಕದಲ್ಲಿ ಪಿಂಗ್ ಬಣ್ಣದ ಚುಕ್ಕಿಗಳ ಪದ್ಧತಿ ತಂತು. ನಿಮ್ಮ ಎತ್ತರ ಎಷ್ಟು, ಮಣಿಕಟ್ಟಿನಿಂದ ನೆಲಕ್ಕೆ ಎಷ್ಟು ದೂರ ಅಂತ ಅಳೆದು, ಶಾಫ್ಟ್ ನೆಲಕ್ಕೆ ಯಾವ ಕೋನದಲ್ಲಿ ನಿಲ್ಲಬೇಕು ಅಂತ ಹೇಳುವ ಲೆಕ್ಕ. ಕಪ್ಪು ಚುಕ್ಕಿ ಅಂದ್ರೆ ಸ್ಟ್ಯಾಂಡರ್ಡ್. ಪಾದ ಅಳೆದು ಶೂ ಕೊಡುವ ಅದೇ ವಿವೇಕ.

ಈ ಕೋನ ಸಣ್ಣ ವಿಷಯ ಅಲ್ಲ. ಬಲಗೈ ಆಟಗಾರನಿಗೆ ಅದು ಜಾಸ್ತಿ ನೆಟ್ಟಗಾದರೆ ಕ್ಲಬ್ಬಿನ ಹೊರತುದಿ ಮೇಲೆದ್ದು ಚೆಂಡು ಎಡಕ್ಕೆ ಹೋಗುತ್ತೆ. ಜಾಸ್ತಿ ಮಲಗಿದ್ರೆ ಬಲಕ್ಕೆ. ಮೆದು ಉಕ್ಕಿನ ಐರನ್‌ಗಳು ನೆಲಕ್ಕೆ ಬಡಿದು ಬಡಿದು ತಾವಾಗಿಯೇ ಬಾಗೋದೂ ಉಂಟು. ಆಗ ವರ್ಕ್‌ಶಾಪಿನಲ್ಲಿ ಅಳೆದು ಮತ್ತೆ ಬಗ್ಗಿಸಬೇಕು. ಸವೆದ ಗ್ರಿಪ್ ಜಾರಿದರೆ ಕೈ ಬಿಗಿಯಾಗುತ್ತೆ, ಸ್ವಿಂಗ್ ಕೆಡುತ್ತೆ.

ನಿಜವಾದ ನಷ್ಟ ಒಂದು ಕೆಟ್ಟ ಹೊಡೆತದ್ದಲ್ಲ. ಹೊಂದದ ಕ್ಲಬ್ಬಿನಿಂದ ಚೆಂಡನ್ನು ನೇರ ಕಳಿಸೋಕೆ ಮೈ ಏನೋ ಡೊಂಕು ಕಲಿಯುತ್ತೆ, ದಿನಾ ಮಾಡುವ ಅಭ್ಯಾಸ ಆ ಡೊಂಕನ್ನೇ ಗಟ್ಟಿ ಮಾಡುತ್ತೆ. ಕುಣಿಯೋದು ಕಲಿಯಲೇಬೇಕು, ಸರಿ. ಅದಕ್ಕೆ ಮೊದಲು ನೆಲ ಅಳೆಯೋದರಲ್ಲಿ ನಾಚಿಕೆ ಏನಿದೆ?