ಅಪ್ಪನ ಎಡೆ

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಹೋಬಳಿಯಲ್ಲಿ, ಹಾಗೆಯೇ ಸುತ್ತಲಿನ ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಊರುಗಳಲ್ಲಿ, ತೀರಿಹೋದ ತಂದೆಯನ್ನು ಮಕ್ಕಳು ವರ್ಷಕ್ಕೊಮ್ಮೆ ಮನೆಗೆ ಕರೆದು ಊಟಕ್ಕಿಕ್ಕುವ ಆಚರಣೆ ಇದೆ. ಶಾಸ್ತ್ರದ ಮಾತಿನಲ್ಲಿ ಅದು ಪಿತೃಪಕ್ಷ. ಮನೆಯ ಮಾತಿನಲ್ಲಿ ಬರಿಯ ‘ಪಕ್ಷ’, ಇಲ್ಲವೇ ಹಿರಿಯರ ಹಬ್ಬ. ಭಾದ್ರಪದದ ಹುಣ್ಣಿಮೆ ಕಳೆದ ಮೇಲೆ ಶುರುವಾಗಿ ಮಹಾಲಯ ಅಮಾವಾಸ್ಯೆಗೆ ಮುಗಿಯುತ್ತದೆ. ಇದು ಹೊಗೆಸೊಪ್ಪಿನ ನಾಡು. ಪಕ್ಷದ ದಿನಗಳಲ್ಲೇ, ಎಲೆ ಹದಗೊಳಿಸುವ ಮನೆಗಳಾದ ಬ್ಯಾರನ್‌ಗಳಲ್ಲಿ ಸೊಪ್ಪು ಬೇಯುತ್ತಿರುತ್ತದೆ. ಉರಿ ಆರದಂತೆ ರಾತ್ರಿಯಿಡೀ ಸೌದೆ ಹಾಕುವವರು ಸರದಿ ಬದಲಿಸಿಕೊಂಡು ಹಬ್ಬಕ್ಕೆ ಬಂದು ಹೋಗುತ್ತಾರೆ. (ಹೊಯ್ಸಳ ಗುಡಿಗಳಿಗೆ ಹೆಸರಾದ ಹಾರನಹಳ್ಳಿ ಅರಸೀಕೆರೆ ತಾಲ್ಲೂಕಿನದು, ಅದು ಬೇರೆ, ಇದು ಬೇರೆ.)

ಎಡೆ ಇಕ್ಕುವ ಕ್ರಮ ಸರಳ. ಮನೆ ಸಾರಿಸಿ, ನಡುಮನೆಯ ಗೋಡೆಗೆ ಒತ್ತಿ ಮಣೆ ಹಾಕಿ, ಕಳಸ ಇಟ್ಟು, ಹೊಸ ಪಂಚೆ, ಸೀರೆಗಳನ್ನು ಮಡಿಸಿ ಇಡುತ್ತಾರೆ. ಫೋಟೊ ಇದ್ದರೆ ಅದಕ್ಕೆ ಹೂವು, ಕುಂಕುಮ. ಮುಂದೆ ಬಾಳೆಯೆಲೆ. ಎಲೆಯ ಮೇಲೆ ಏನಿರಬೇಕೆಂದು ಹೇಳುವ ಗ್ರಂಥ ಇಲ್ಲ. ಹೋದವರಿಗೆ ಏನು ಇಷ್ಟವಾಗಿತ್ತೋ ಅದು ಇರಬೇಕು, ಅಷ್ಟೇ. ಮಾಂಸ ತಿನ್ನುವವರ ಮನೆಯಲ್ಲಿ ಮುದ್ದೆ, ಬಾಡಿನ ಸಾರು. ತಿನ್ನದವರ ಮನೆಯಲ್ಲಿ ಕಜ್ಜಾಯ, ವಡೆ, ಪಾಯಸ. ಅಪ್ಪ ಬೀಡಿ ಸೇದುತ್ತಿದ್ದರೆ ಎಲೆಯ ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಎಲೆಅಡಿಕೆ ಹಾಕುತ್ತಿದ್ದರೆ ಸುಣ್ಣ ಸಮೇತ ಎಲೆಅಡಿಕೆ. ಸಾಂಬ್ರಾಣಿ ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಹಿರಿಯರು ಬಂದು ಉಣ್ಣುವ ಹೊತ್ತು ಅದು. ಆಮೇಲೆ ಕಾಗೆಗೆ ಒಂದು ತುತ್ತು, ಉಳಿದದ್ದು ಮನೆಮಂದಿಗೆ, ನೆಂಟರಿಗೆ.

ಬದುಕಿದ್ದಾಗ ಬೀಡಿ ಬಿಡು ಎಂದು ಅಪ್ಪನೊಂದಿಗೆ ಜಗಳವಾಡಿದ ಮಗನೇ ಆ ದಿನ ಅಂಗಡಿಗೆ ಹೋಗಿ ಅದೇ ಗುರುತಿನ ಬೀಡಿ ಕೇಳಿ ತರುತ್ತಾನೆ. ತಂದೆಯನ್ನು ಹೊಗಳುವ ಮಾತು ಈ ಆಚರಣೆಯಲ್ಲಿ ಎಲ್ಲಿಯೂ ಇಲ್ಲ. ಅವನ ನಾಲಗೆಯ ರುಚಿ ಮಾತ್ರ ನೆನಪಿರಬೇಕು. ಅಪ್ಪನ ಮೇಲಿನ ಪ್ರೀತಿಯನ್ನು ಬಾಯಿಬಿಟ್ಟು ಹೇಳುವ ರೂಢಿ ಇಲ್ಲದ ಸಮಾಜವೊಂದು ಅದನ್ನು ಹೇಳಲು ಕಂಡುಕೊಂಡ ದಾರಿಗಳಲ್ಲಿ ಇಷ್ಟು ನೇರವಾದುದು ಬೇರೊಂದಿಲ್ಲ.

ಇದರ ಜೊತೆಗೆ ಬೇರೆ ಪದ್ಧತಿಗಳೂ ಇವೆ. ಬ್ರಾಹ್ಮಣರ ಮನೆಗಳಲ್ಲಿ ತಂದೆಯ ತಿಥಿಯಂದು ಎಳ್ಳು, ದರ್ಭೆ, ಪಿಂಡಗಳ ಶ್ರಾದ್ಧ. ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಯ ಹೆಸರನ್ನು ಅಲ್ಲಿ ಬಾಯಿಬಿಟ್ಟು ಹೇಳಲೇಬೇಕು. ಲಿಂಗಾಯತರಲ್ಲಿ ಸಮಾಧಿ, ಗದ್ದಿಗೆ, ಶಿವಗಣಾರಾಧನೆ. ಮುಸ್ಲಿಮರು ಷಬೆ ಬರಾತ್‌ನ ರಾತ್ರಿ ಗೋರಿಗಳಿಗೆ ಹೋಗಿ ದೀಪ ಹಚ್ಚಿ ಪ್ರಾರ್ಥಿಸುತ್ತಾರೆ. ರೈತಾಪಿ ಮನೆಗಳಲ್ಲಿ ಸಾವಾದ ಕೆಲವೇ ದಿನಕ್ಕೆ ಹಾಲುತುಪ್ಪ ಬಿಡುವುದು, ಹನ್ನೊಂದನೆಯ ದಿನಕ್ಕೆ ತಿಥಿ. ಇದೇ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟನ್ನರು ಸತ್ತವರಿಗಾಗಿ 49 ದಿನ ಪ್ರಾರ್ಥನೆ ನಡೆಸುತ್ತಾರೆ. ಕೆಲವೇ ಮೈಲಿಗಳ ಅಂತರದಲ್ಲಿ ಒಂದೇ ದುಃಖಕ್ಕೆ ಇಷ್ಟು ಬಗೆಯ ಲೆಕ್ಕ.

ಎಡೆ ಬಾಡಿಹೋಗುತ್ತದೆ, ಕಲ್ಲು ಉಳಿಯುತ್ತದೆ. ಆದ್ದರಿಂದ ಈ ಆಚರಣೆಯ ಹಳೆಯ ಚರಿತ್ರೆಗೆ ಕಲ್ಲನ್ನೇ ಕೇಳಬೇಕು. ಮೈಸೂರು ಜಿಲ್ಲೆಯಲ್ಲೇ, ತಿರುಮಕೂಡಲು ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯಲ್ಲಿ ಸಿಕ್ಕ ಒಂದು ಕಲ್ಲು ಇದಕ್ಕೆ ಬಲು ಮುಖ್ಯವಾದುದು. ಗಂಗರ ಅರಸ ಎರೆಗಂಗ ನೀತಿಮಾರ್ಗನ ಸಾವಿನ ನೆನಪಿಗೆ 9ನೆಯ ಶತಮಾನದಲ್ಲಿ ನಿಲ್ಲಿಸಿದ್ದು. ಸಾಮಾನ್ಯವಾಗಿ ವೀರಗಲ್ಲೆಂದರೆ ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ದೊಡ್ಡಹುಂಡಿಯ ಕಲ್ಲಿನಲ್ಲಿ ಕತ್ತಿ ಕುದುರೆಗಳ ಆರ್ಭಟ ಇಲ್ಲ. ಮಂಚದ ಮೇಲೆ ಸಾಯುತ್ತಿರುವ ಅರಸ; ಅವನಿಗೆ ಆಸರೆಯಾದ ಆಳು ಅಗರಯ್ಯ; ಬಳಿಯಲ್ಲಿ ನಿಂತ ಹಿರಿಯ ಮಗ ಸತ್ಯವಾಕ್ಯ. ಒಂದು ಮನೆಯೊಳಗಿನ ಕೊನೆಯ ಗಳಿಗೆ, ಅಷ್ಟೇ. ಮುಂದೆ ಪಟ್ಟಕ್ಕೆ ಬಂದ ಮಗ ಆ ಕಲ್ಲಿನಲ್ಲಿ ಮಾತ್ರ ತಂದೆಯ ಹತ್ತಿರ ನಿಂತೇ ಇದ್ದಾನೆ. ಸಾವಿರ ವರ್ಷಕ್ಕೂ ಮಿಕ್ಕಿ ಹಳೆಯದಾದ ಈ ಚಿತ್ರಕ್ಕೆ ಕನ್ನಡ ನಾಡಿನ ಶಿಲ್ಪದಲ್ಲಿ ಜೋಡಿ ಸಿಗುವುದು ಕಷ್ಟ.

ಎಚ್.ಡಿ. ಕೋಟೆ ತಾಲ್ಲೂಕಿನ ಬೆಳತೂರಿನ ಶಾಸನದಲ್ಲಿ ಕತೆ ತಿರುಗುಮುರುಗಾಗಿದೆ. 1057ರ ಆ ಕಲ್ಲು ನುಗುನಾಡಿನ ರವಿಗನ ಮಗಳು ದೇಕಬ್ಬೆಯದು. ಗಂಡ ಏಚ ಅರಸನ ಆಜ್ಞೆಯಿಂದ ಸತ್ತ ಸುದ್ದಿ ಕೇಳಿ, ತಾಯಿತಂದೆ ಎಷ್ಟು ತಡೆದರೂ ಕೇಳದೆ ಅವಳು ಬೆಂಕಿಗೆ ಬಿದ್ದಳು. ಕಲ್ಲು ನಿಲ್ಲಿಸಿದವನು ತಂದೆ. ಮಕ್ಕಳು ಮಾಡಬೇಕಾದುದನ್ನು ತಂದೆ ಮಾಡಬೇಕಾಗಿ ಬಂದ ಸಂಕಟ ಆ ಕಲ್ಲಿನದು. ಕನ್ನಡ ಶಾಸನಗಳಲ್ಲಿ ಮನಸ್ಸನ್ನು ಇಷ್ಟು ಕಲಕುವವು ಕೆಲವೇ.

ಜೈನರ ಶಾಸನಗಳಲ್ಲಿ ಈ ನೆನಪಿಗೆ ಒಂದು ಪದವೇ ಇದೆ: ‘ಪರೋಕ್ಷವಿನಯ’. ಕಣ್ಣೆದುರು ಇಲ್ಲದವರಿಗೆ ತೋರುವ ವಿನಯ ಎಂದರ್ಥ. ಸತ್ತವರ ಹೆಸರಿನಲ್ಲಿ ಬಸದಿ ಕಟ್ಟಿಸುವುದು, ನಿಸಿದಿ ಎಂಬ ಸ್ಮಾರಕದ ಕಲ್ಲು ನಿಲ್ಲಿಸುವುದು, ದಾನ ಬಿಡುವುದು ಎಲ್ಲ ಇದರಲ್ಲಿ ಸೇರುತ್ತದೆ. ಹುಂಚದ ಪಂಚಕೂಟ ಬಸದಿಯನ್ನು ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ್ದು ಅಗಲಿದ ತನ್ನ ಬಂಧುಗಳ ನೆನಪಿಗೆ. ಅವರಲ್ಲಿ ತಂದೆ ಅರುಮುಳಿದೇವನೂ ಒಬ್ಬ. ಅಪ್ಪನ ಹೆಸರಿನ ಕಾರ್ಯವೆಲ್ಲ ಗಂಡುಮಕ್ಕಳ ಪಾಲಿನದೆಂದು ನಂಬಿಕೊಂಡು ಬಂದವರು ಈ ಮಗಳನ್ನು ಮರೆಯಬಾರದು. ಹಳ್ಳಿಯ ಎಡೆಯಲ್ಲೂ ಅಪ್ಪನಿಗೆ ಯಾವ ಸಾರು ಇಷ್ಟವಿತ್ತು, ಕಾರ ಎಷ್ಟಿರಬೇಕು ಎಂಬ ನೆನಪು ಉಳಿದಿರುವುದು ಬಹುಮಟ್ಟಿಗೆ ಹೆಣ್ಣುಮಕ್ಕಳ ಕೈಯಲ್ಲೇ.

ಹಳೇಬೀಡಿನ ಪಾರ್ಶ್ವನಾಥ ಬಸದಿ ಇನ್ನೂ ಸ್ಪಷ್ಟವಾದ ನಿದರ್ಶನ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ತೀರಿಕೊಂಡ ಮೇಲೆ ಅವನ ಮಗ ಬೊಪ್ಪ 1133ರಲ್ಲಿ ಅದನ್ನು ಕಟ್ಟಿಸಿ, ತಂದೆಗಿದ್ದ ‘ದ್ರೋಹಘರಟ್ಟ’ ಎಂಬ ಬಿರುದನ್ನೇ ಬಸದಿಗೆ ಇಟ್ಟ. ಪ್ರತಿಷ್ಠೆಯ ಪ್ರಸಾದ ಕೈಸೇರುವ ಹೊತ್ತಿಗೆ ವಿಷ್ಣುವರ್ಧನನಿಗೆ ಯುದ್ಧದಲ್ಲಿ ಗೆಲುವೂ ಆಗಿತ್ತು, ಮಗನೂ ಹುಟ್ಟಿದ್ದ. ಆ ಸಂತೋಷಕ್ಕೆ ಅವನು ದೇವರನ್ನು ವಿಜಯಪಾರ್ಶ್ವ ಎಂದು ಕರೆದ. ಹೀಗೆ ಮಗನೊಬ್ಬನ ದುಃಖದಿಂದ ಎದ್ದ ಬಸದಿಯ ದೇವರಿಗೆ ಮತ್ತೊಬ್ಬ ತಂದೆಯ ಹಿಗ್ಗಿನ ಹೆಸರು ಬಂತು. ನವರಂಗದ ಕಂಬಗಳಲ್ಲಿ ಇಂದಿಗೂ ಮುಖ ಕಾಣುತ್ತದೆ, ಅಷ್ಟು ನುಣುಪು.

ಶ್ರೀರಂಗಪಟ್ಟಣದ ಗುಂಬಜ್ ಕೂಡ ಇದೇ ಸಾಲಿಗೆ ಸೇರಿದ್ದು. ಹೈದರ್ ಅಲಿ 1782ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಬಳಿಯ ಪಾಳೆಯದಲ್ಲಿ ಸತ್ತಾಗ ದೇಹವನ್ನು ಮೊದಲು ಕೋಲಾರಕ್ಕೆ ಒಯ್ದರು. ಮಗ ಟಿಪ್ಪು ಅದನ್ನು ಅಲ್ಲಿಂದ ತರಿಸಿ ಈ ಗೋರಿಯನ್ನು ಕಟ್ಟಿಸಿದ. ಹೊರಗೆ ನಯಗೊಳಿಸಿದ ಕರಿಗಲ್ಲಿನ ಕಂಬಗಳು, ಒಳಗೋಡೆಗೆ ಹುಲಿಪಟ್ಟೆಯ ಬಣ್ಣ. 1799ರಲ್ಲಿ ಟಿಪ್ಪುವನ್ನೂ ಅಲ್ಲೇ, ತಂದೆ ತಾಯಿಯರ ಪಕ್ಕದಲ್ಲಿ ಮಣ್ಣು ಮಾಡಿದರು.

ಅದೇ ವರ್ಷ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ತಂದೆಯ ಮುಖ ನೆನಪಿರುವ ಸಾಧ್ಯತೆಯೇ ಇರಲಿಲ್ಲ. ಖಾಸಾ ಚಾಮರಾಜ ಒಡೆಯರು 1796ರಲ್ಲಿ ತೀರಿಕೊಂಡಾಗ ಮಗುವಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಆ ಮಗ ಬೆಳೆದು, ತಂದೆ ಹುಟ್ಟಿದ ಅರಿಕುಠಾರ ಎಂಬ ಊರಿಗೆ 1818ರಲ್ಲಿ ಚಾಮರಾಜನಗರ ಎಂದು ಹೆಸರಿಟ್ಟರು. 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದರು. ಶಿವನಿಗೆ ತಂದೆಯ ಹೆಸರು, ಅಮ್ಮನವರಿಗೆ ಕೆಂಪನಂಜಾಂಬ ಎಂದು ತಾಯಿಯ ಹೆಸರು. ಮುಖ ನೆನಪಿಲ್ಲದ ತಂದೆಗೆ ಮಗ ಮಾಡಿದ ಈ ಸ್ಮರಣೆ ಇಂದು ಒಂದು ಇಡೀ ಜಿಲ್ಲೆಯ ಹೆಸರು.

ಪಿರಿಯಾಪಟ್ಟಣಕ್ಕೆ ಇಂಥ ಸ್ಮಾರಕದ ಭಾಗ್ಯ ಇರಲಿಲ್ಲ. ಈ ಸೀಮೆಯನ್ನು ಆಳಿದ ಚಂಗಾಳ್ವರ ಕೊನೆಯ ಅರಸ ವೀರರಾಜ, 1644ರ ಹೊತ್ತಿಗೆ ಮೈಸೂರಿನ ಕಂಠೀರವ ನರಸರಾಜರ ಸೇನೆ ಕೋಟೆಯನ್ನು ಮುತ್ತಿದಾಗ, ಇನ್ನು ಉಳಿಗಾಲವಿಲ್ಲವೆಂದು ತನ್ನ ಹೆಂಡಿರು ಮಕ್ಕಳನ್ನು ತಾನೇ ಕೊಂದು, ಕಾದಾಡಿ ಸತ್ತನೆಂದು ಚರಿತ್ರೆ ಹೇಳುತ್ತದೆ. ಎಡೆ ಇಕ್ಕುವವರನ್ನೇ ಉಳಿಸದೆ ಹೋದ ಮನೆತನ ಅದು. ಅವನನ್ನು ನೆನೆದವರು ಪಿರಿಯಾಪಟ್ಟಣದ ಕಾಳಗವನ್ನು ಹಾಡುತ್ತ ಬಂದ ಜನಪದರು, ಅಂದರೆ ಅವನಿಗೆ ಏನೂ ಆಗಬೇಕಿಲ್ಲದವರು.

ಅರಸರ ಮಾತು ಹೀಗಾಯಿತು. ಬೇಸಾಯಗಾರ ಅಪ್ಪಂದಿರ ಹೆಸರು ಮಾತ್ರ ಮೂರು ತಲೆ ದಾಟಿದರೆ ಎಡೆಯ ಮುಂದೆಯೂ ಕೇಳಿಬರುವುದಿಲ್ಲ; ಅಲ್ಲಿಂದಾಚೆಗೆ ಎಲ್ಲರೂ ಒಟ್ಟಾಗಿ ‘ಹಿರಿಯರು’. ಅಷ್ಟು ಹಿಂದಿನ ಹೆಸರುಗಳನ್ನು ಹೇಳಬಲ್ಲವರು ಎತ್ತಿನ ಮೇಲೆ ಊರೂರು ತಿರುಗಿ ಮನೆತನಗಳ ವಂಶಾವಳಿ ಹಾಡುತ್ತಿದ್ದ ಹೆಳವರು; ಅವರೂ ಈಗ ಅಪರೂಪ. 20ನೆಯ ಶತಮಾನದಲ್ಲಿ ಫೋಟೊ ಬಂದು ಮುಖವನ್ನು ಉಳಿಸಿತು. ಜೊತೆಗೆ ಬಸ್ ತಂಗುದಾಣಕ್ಕೆ, ಶಾಲೆಯ ಕೊಠಡಿಗೆ, ಗುಡಿಯ ಕಲ್ಲುಬೆಂಚಿಗೆ ‘ತಂದೆಯವರ ಜ್ಞಾಪಕಾರ್ಥ’ ಎಂದು ಬರೆಸುವ ರೂಢಿಯೂ ಬಂತು. ಪರೋಕ್ಷವಿನಯವೆಂಬ ಪದ ಮರೆತುಹೋಗಿದೆ; ಕೆಲಸ ನಿಂತಿಲ್ಲ.

ಅಕ್ಷರದಲ್ಲಿ ಈ ಸ್ಮರಣೆಗಳ ಜೊತೆ ನಿಲ್ಲುವುದು ಪೂರ್ಣಚಂದ್ರ ತೇಜಸ್ವಿಯವರ ‘ಅಣ್ಣನ ನೆನಪು’. ಅವರ ತಂದೆ ಕುವೆಂಪು 1994ರ ನವೆಂಬರ್ 11ರಂದು ಮೈಸೂರಿನಲ್ಲಿ ತೀರಿಕೊಂಡರು. ಎರಡು ವರ್ಷಕ್ಕೆ ಪುಸ್ತಕ ಬಂತು. ಆ ಮನೆಯಲ್ಲಿ ತಂದೆಯನ್ನು ಮಕ್ಕಳು ಕರೆಯುತ್ತಿದ್ದುದು ‘ಅಣ್ಣ’ ಎಂದೇ. ನಾಡು ಮಹಾಕವಿಯೆಂದು ಕೈಮುಗಿಯುವ ವ್ಯಕ್ತಿಯ ಮನೆಯೊಳಗಿನ ಮುಖ, ಮಕ್ಕಳ ಕಿತಾಪತಿಗೆ ಬೇಸತ್ತ ತಂದೆಯ ಮುಖ ಅದರಲ್ಲಿದೆ. ಎಲೆಯ ಪಕ್ಕದ ಬೀಡಿಕಟ್ಟಿಗೂ ಆ ಪುಸ್ತಕಕ್ಕೂ ಕುಲ ಒಂದೇ.

ಊರಿನಲ್ಲಿ ನೆಲೆಸಿದ ಮಕ್ಕಳು ಈಗ ಕಡಿಮೆ. ಮೈಸೂರು, ಬೆಂಗಳೂರುಗಳಲ್ಲಿ ದುಡಿಯುವವರು ಪಕ್ಷಕ್ಕೆಂದು ಊರಿಗೆ ಬಂದು, ಎಡೆ ಇಕ್ಕಿ, ಮರುದಿನ ಹೊರಡುತ್ತಾರೆ. ಬಿಡುವು ಸಿಗಲೆಂದು ಹಲವು ಮನೆಗಳಲ್ಲಿ ಎಡೆಯನ್ನು ಅಮಾವಾಸ್ಯೆಯ ದಿನಕ್ಕೇ ಇಟ್ಟುಕೊಳ್ಳುತ್ತಾರೆ. ಕರ್ನಾಟಕ ಸರ್ಕಾರ ಮಹಾಲಯ ಅಮಾವಾಸ್ಯೆಗೆ ಸಾರ್ವತ್ರಿಕ ರಜೆಯನ್ನೂ ಕೊಡುತ್ತ ಬಂದಿದೆ.